ಅಕ್ಟೋಬರ್ 2ಕ್ಕೆ ಮಂಟಪವಾ, ಕಾಂತಾರವಾ? (ಭಾಗ ಎರಡರ ಹುಚ್ಚಿರೋರು ಮಾತ್ರ ಒಳಗೆ ಬನ್ನಿ)

ಫಸ್ಟ್ ಶೋ ಹುಚ್ಚ · 24 ಸೆಪ್ಟೆಂಬರ್ 2025, ರಾತ್ರಿ 9.10

ಎಲ್ರಿಗೂ ನಮಸ್ಕಾರ. ವಿಷಯ ಸೀರಿಯಸ್ಸು, ನಗಬೇಡಿ.

ಕಾಂತಾರ ಚಾಪ್ಟರ್ 1 ಅಕ್ಟೋಬರ್ 2ಕ್ಕೆ ಬರ್ತಿದೆ. ಅವತ್ತೇ ವಿಜಯದಶಮಿ. ಅವತ್ತೇ ರಾತ್ರಿ ಮಡಿಕೇರೀಲಿ ದಶಮಂಟಪ, ಅಂದ್ರೆ ಟ್ರ್ಯಾಕ್ಟರ್ ಮೇಲೆ ಆಡೋ ಬೊಂಬೆ ಕಟ್ಟಿ ಹತ್ತು ದೇವಸ್ಥಾನದವರು ಪೈಪೋಟಿ ಮೇಲೆ ಮಾಡೋ ಮೆರವಣಿಗೆ. ನಾನು ಒಂದು ಮಂಟಪದ ಸಮಿತೀಲಿದೀನಿ, ಹೊಗೆ ಮಷಿನ್ ನನ್ನ ಕೈಲಿರೋದು. (ಯಾವ ಮಂಟಪ ಅಂತ ಹೇಳಲ್ಲ, ಇಲ್ಲಿ ಎದುರು ಪಾರ್ಟಿಯವ್ರೂ ಇದಾರೆ.) ಮಧ್ಯಾಹ್ನ ಎರಡಕ್ಕೆ ಟ್ರ್ಯಾಕ್ಟರ್ ಹತ್ರ ಹಾಜರಿರಬೇಕು ಅಂತ ಆರ್ಡರ್ ಆಗಿದೆ.

ಈ ಕಡೆ ನನ್ನ ದಾಖಲೆ ನೋಡಿ. ಬಾಹುಬಲಿ 2, ಕೆಜಿಎಫ್ 2, ಗಾಳಿಪಟ 2, ಪುಷ್ಪ 2, ಎಲ್ಲಾ ಮೊದಲ ದಿನವೇ ನೋಡಿದೀನಿ. ಪುಷ್ಪ 2 ಬಂದಾಗ ತೋಟದಲ್ಲಿ ಅರೇಬಿಕಾ ಹಣ್ಣಾಗಿ ಉದುರ್ತಿತ್ತು, ಆಳು ಸಿಗ್ತಿರಲಿಲ್ಲ, ಅಪ್ಪನ ಕೈಲಿ ಬೈಸಿಕೊಂಡೇ ಮೈಸೂರಿಗೆ ಹೋದೆ. ನನ್ನ ಪ್ರಕಾರ ಭಾಗ ಒಂದನ್ನ ಯಾರು ಬೇಕಾದ್ರೂ ನೋಡ್ತಾರೆ. ಭಾಗ ಎರಡಕ್ಕೆ ಕಾಯೋದಿದೆಯಲ್ಲ, ಅದೇ ನಿಜವಾದ ಮಜಾ. ಬಾಹುಬಲಿ ಮೊದಲನೇದು 2015ರ ಜುಲೈ, ಎರಡನೇದು 2017ರ ಏಪ್ರಿಲ್. ಆ ಎರಡು ವರ್ಷ ಕಾಫಿ ಕುಯ್ಯೋ ಹೆಂಗಸ್ರೂ 'ಕಟ್ಟಪ್ಪ ಯಾಕೆ ಕೊಂದ' ಅಂತ ಕೇಳ್ತಿದ್ರು.

ಈಗ ಪ್ರಶ್ನೆ. ಬೆಳಿಗ್ಗೆ ಶೋ ನೋಡಿ ಎರಡು ಗಂಟೆಗೆ ಮಡಿಕೇರಿ ಮುಟ್ಟೋದು ಆಗುತ್ತಾ? ಜಿಲ್ಲೆಯೊಳಗೆ ಟಿಕೆಟ್ ಸಿಕ್ರೆ ಬಚಾವ್. ಸಿಗದಿದ್ರೆ?

ಹಾರಂಗಿ ಹಿನ್ನೀರು · 9.22

ಮೈಸೂರು ಆಸೆ ಬಿಡಿ. ಅವತ್ತು ಅಲ್ಲಿ ಜಂಬೂಸವಾರಿ. ರಸ್ತೆ ಎಲ್ಲಾ ಬಂದ್ ಇರುತ್ತೆ. ನೀವು ಥಿಯೇಟರ್ ಮುಟ್ಟೋದರೊಳಗೆ ಅಂಬಾರಿ ಬನ್ನಿಮಂಟಪ ಮುಟ್ಟಿರುತ್ತೆ.

ಫಸ್ಟ್ ಶೋ ಹುಚ್ಚ · 9.24

ಅಯ್ಯೋ. ಇದು ತಲೆಗೇ ಹೊಳೀಲಿಲ್ಲ.

ಸಂಪಾಜೆ ಘಾಟಿ · 9.40

ನಮ್ಮ ಕಡೆ ಬನ್ನಿ ಮಾರಾಯ್ರೆ. ಘಾಟಿ ಇಳಿದು ಸುಳ್ಯ, ಆಮೇಲೆ ಪುತ್ತೂರು. ಕಾಂತಾರ ನೋಡ್ಲಿಕ್ಕೆ ಕರಾವಳಿಯ ಥಿಯೇಟರೇ ಸರಿ. ಅಲ್ಲಿ ಜನ ಶಿಳ್ಳೆ ಹೊಡೆಯುವ ಜಾಗ ಬೇರೆ, ಕೈಮುಗಿಯುವ ಜಾಗ ಬೇರೆ. 2022ರಲ್ಲಿ ನಾನು ನೋಡುವಾಗ ಕ್ಲೈಮ್ಯಾಕ್ಸಿಗೆ ಪಕ್ಕದ ಸೀಟಿನ ಅಜ್ಜಿ ಚಪ್ಪಲಿ ಬಿಚ್ಚಿಟ್ಟು ಕೂತಿದ್ರು. ನಾನೂ ಮೆಲ್ಲ ಕಾಲಿನಿಂದ ಜಾರಿಸಿದೆ.

ಸೋಮವಾರಪೇಟೆ ಸೋಡಾ · 9.51

ಮೊದಲನೇ ಪ್ರಶ್ನೆ: ಇದು ಭಾಗ ಎರಡೇ ಅಲ್ಲವಲ್ಲ ಗುರುವೇ? ಹೆಸರಲ್ಲೇ 'ಚಾಪ್ಟರ್ 1' ಅಂತಿದೆ. ಕಥೆ ಕದಂಬರ ಕಾಲದ್ದು. 2022ರಲ್ಲಿ ನೋಡಿದ್ದು ಆಮೇಲಿನ ಕಥೆ. ನಿನ್ನ ದಾಖಲೆಗೆ ಇದು ಲೆಕ್ಕಕ್ಕೇ ಬರಲ್ಲ. ಆರಾಮಾಗಿ ಹೊಗೆ ಬಿಡು.

ಫಸ್ಟ್ ಶೋ ಹುಚ್ಚ · 9.53

ಎರಡನೇದಾಗಿ ಬಂದದ್ದು ಎರಡನೇದೇ. ನಮ್ಮನೇಲಿ ಅಣ್ಣನಿಗಿಂತ ನಾನು ಎತ್ತರ ಇದೀನಿ ಅಂತ ನಾನು ಅಣ್ಣ ಆಗ್ತೀನಾ?

ಸೋಮವಾರಪೇಟೆ ಸೋಡಾ · 9.54

ಉದಾಹರಣೆ ನನ್ನ ಪರವಾಗೇ ಇದೆ, ನೋಡ್ಕೋ.

ಪೆಪ್ಪರ್ ಬಳ್ಳಿ · 10.05

ಟಿಕೆಟ್ ದರದ ಬಗ್ಗೆ ಯಾರೂ ಮಾತಾಡ್ತಿಲ್ಲ ಯಾಕೆ? ಸರ್ಕಾರ ಇದೇ ತಿಂಗಳು 200 ರೂಪಾಯಿ ಮಿತಿ ಹಾಕ್ತು. ಖುಷಿಪಟ್ಟು ಒಂದೆರಡು ವಾರವೂ ಆಗಿರಲಿಲ್ಲ, ನಿನ್ನೆ ಹೈಕೋರ್ಟ್ ತಡೆ ಕೊಟ್ತು. ನಮ್ಮ ಮನೇಲಿ ಐದು ಜನ. ಟಿಕೆಟ್, ಪೆಟ್ರೋಲ್, ಮಕ್ಕಳ ಪಾಪ್‌ಕಾರ್ನ್ ಎಲ್ಲಾ ಸೇರಿದ್ರೆ ಒಂದು ಸಿನಿಮಾಗೆ ಒಂದು ಚೀಲ ಗೊಬ್ಬರದ ದುಡ್ಡು ದಾಟುತ್ತೆ. ನಾನು ಓಟಿಟಿಗೆ ಬರೋವರೆಗೆ ಕಾಯೋಳು.

ಬಾಲ್ಕನಿ ಬೋಪು · 10.11

ಅಕ್ಕ, ಮಳೆಗಾಲದಲ್ಲಿ ನಿಮ್ಮ ಕಡೆ ಕರೆಂಟ್ ಎಷ್ಟು ದಿನ ಇರುತ್ತೆ? ಓಟಿಟಿ ಅಂತೆ.

ಪೆಪ್ಪರ್ ಬಳ್ಳಿ · 10.13

ಅದೂ ನಿಜ. ಸಪ್ತ ಸಾಗರದಾಚೆ ಎಲ್ಲೋ ಸೈಡ್ ಎ ಅನ್ನ ಮೂರು ಕಂತಲ್ಲಿ ನೋಡಿದೆ. ಸೈಡ್ ಬಿ ಶುರು ಮಾಡೋ ಹೊತ್ತಿಗೆ ಆ ಹುಡುಗ ಯಾಕೆ ಜೈಲಿಗೆ ಹೋದ ಅಂತಲೇ ಮರೆತಿತ್ತು.

ಮೇಷ್ಟ್ರು, ಶನಿವಾರಸಂತೆ · 25 ಸೆಪ್ಟೆಂಬರ್, ಬೆಳಿಗ್ಗೆ 6.30

ಈಗಿನ ಹುಡುಗರಿಗೆ ಭಾಗ ಎರಡು ಅನ್ನೋದು ಬಾಹುಬಲಿಯಿಂದ ಶುರುವಾಯ್ತು ಅಂತ ಭ್ರಮೆ. ಸ್ವಲ್ಪ ಕೇಳಿ. ರಾಜ್‌ಕುಮಾರ್ ಅವರ 'ಜೇಡರ ಬಲೆ' ಬಂದದ್ದು 1968ರಲ್ಲಿ. ಅದೇ ವರ್ಷ 'ಗೋವಾದಲ್ಲಿ ಸಿ.ಐ.ಡಿ. 999'. ಮರುವರ್ಷ 'ಆಪರೇಷನ್ ಜಾಕ್‌ಪಾಟ್‌ನಲ್ಲಿ ಸಿ.ಐ.ಡಿ. 999'. ಆಮೇಲೆ 1978ರಲ್ಲಿ 'ಆಪರೇಷನ್ ಡೈಮಂಡ್ ರಾಕೆಟ್'. ಒಬ್ಬನೇ ಗೂಢಚಾರ, ನಾಲ್ಕು ಚಿತ್ರ, ನಾಲ್ಕಕ್ಕೂ ದೊರೈ-ಭಗವಾನ್ ನಿರ್ದೇಶನ. ಯೂನಿವರ್ಸು ಗೀನಿವರ್ಸು ಅಂತ ಯಾರೂ ಬಾಯಿ ಬಡ್ಕೊಳ್ಳಲಿಲ್ಲ. 'ಗಂಧದ ಗುಡಿ' 1973, ಅದರ ಭಾಗ 2 ಬಂದದ್ದು 1994ರಲ್ಲಿ. ಇಪ್ಪತ್ತೊಂದು ವರ್ಷ! ನೀವು ಎರಡು ವರ್ಷಕ್ಕೇ ಉಸಿರುಗಟ್ಟಿ ಸಾಯ್ತೀರಿ.

ನಮ್ಮ ಕಾಲದಲ್ಲಿ ಕೊನೇ ಬಸ್ಸಿನದ್ದೇ ದೊಡ್ಡ ಭಯ. ಫಸ್ಟ್ ಶೋ ಬಿಡೋದು ಒಂಬತ್ತು ದಾಟಿ, ಬಸ್ಸು ಒಂಬತ್ತಕ್ಕೆ. ನಾನು ನೋಡಿದ ಎಷ್ಟೋ ಚಿತ್ರಗಳಲ್ಲಿ ಖಳನಾಯಕ ಇವತ್ತಿಗೂ ಬದುಕೇ ಇದ್ದಾನೆ.

ಬಾಲ್ಕನಿ ಬೋಪು · 8.02

ಕೊನೇ ಸಾಲಿಗೆ ನೂರು ಲೈಕು ಸಾರ್ 😂

ಕಿತ್ತಳೆ ಸಿಪ್ಪೆ · 8.15

ನಮಗೂ ಅದೇ ಆಯ್ತು ಮೇಷ್ಟ್ರೇ, ಬಸ್ಸಿನ ಬದಲು ಮಾವನ ಅವಸರ. ಕೆಜಿಎಫ್ 2 ಮುಗಿದ ಕೂಡ್ಲೇ 'ಪಾರ್ಕಿಂಗಲ್ಲಿ ಜಾಮ್ ಆಗುತ್ತೆ, ಏಳಿ ಏಳಿ' ಅಂತ ಎಬ್ಬಿಸಿದ್ರು. ಹೆಸರು ಎಲ್ಲಾ ಹೋದ ಮೇಲೆ ಚಾಪ್ಟರ್ 3ರ ಫೈಲ್ ತೋರಿಸ್ತಾರೆ ಅಂತ ಮನೆಗೆ ಬಂದು ಮೊಬೈಲಲ್ಲಿ ಓದಿದ್ವಿ. ಮಾವನ ಜೊತೆ ಎರಡು ದಿನ ಯಾರೂ ಮಾತಾಡಲಿಲ್ಲ.

ಮಂಜು ಮುಸುಕಿದೆ · 11.48

ಕೆಜಿಎಫ್ ಹೆಸರು ಬಂತಲ್ಲ, ಅದಕ್ಕೆ ಬರೀತಿದೀನಿ. ತಮಾಷೆ ಮಧ್ಯೆ ಬೇರೆ ವಿಷಯ, ಬೇಜಾರಾಗಬೇಡಿ.

ನಮ್ಮದು ಮಕ್ಕಂದೂರು ಕಡೆ. 2018ರ ಆಗಸ್ಟಲ್ಲಿ ಮನೆ ಹಿಂದಿನ ಗುಡ್ಡ ಬಂತು. ಮನೆ ಅರ್ಧ ಉಳೀತು, ತೋಟ ಉಳೀಲಿಲ್ಲ. ಆಮೇಲೆ ಗಂಜಿಕೇಂದ್ರ, ಆಮೇಲೆ ಕುಶಾಲನಗರದಲ್ಲಿ ಬಾಡಿಗೆ ಮನೆ. ಅಪ್ಪ ಮಾತು ನಿಲ್ಲಿಸಿಬಿಟ್ಟಿದ್ರು. ಡಿಸೆಂಬರಲ್ಲಿ ಒಂದು ದಿನ ತಾನಾಗೇ 'ಒಂದು ಸಿನಿಮಾ ನೋಡೋಣವಾ' ಅಂದ್ರು. ನಾನು ಯಶ್ ಫ್ಯಾನ್ ಅಂತ ಅವರಿಗೆ ಗೊತ್ತಿತ್ತು. ಅವರಿಗೆ ರಾಜ್‌ಕುಮಾರ್ ಬಿಟ್ಟು ಬೇರೆ ಯಾರೂ ಆಗ್ತಿರಲಿಲ್ಲ.

ಗಣಿ ಬಂದಾಗಿಂದ ಅಪ್ಪ ಸೀಟಿನ ಕೈ ಗಟ್ಟಿ ಹಿಡಿದಿದ್ರು. ತೆರೆ ತುಂಬಾ ಮಣ್ಣು, ಮಣ್ಣಿನೊಳಗೆ ಜನ. ಇಂಟರ್ವಲ್‌ನಲ್ಲಿ ಹೊರಗೆ ಹೋದ್ರು, ಒಳಗೆ ಬರಲಿಲ್ಲ. ನಾನು ಸಿನಿಮಾ ಬಿಟ್ಟು ಹೋಗಿ ನೋಡಿದ್ರೆ ಮೆಟ್ಟಿಲ ಮೇಲೆ ಕೂತು ಕಡ್ಲೆಕಾಯಿ ತಿಂತಿದಾರೆ. 'ಅವರ ಮಣ್ಣು ಕಪ್ಪು ಕಣೋ. ನಮ್ಮದು ಕೆಂಪು' ಅಂದ್ರು. ನನಗೂ ಅರ್ಧ ಕೊಟ್ರು. ನಾಲ್ಕು ತಿಂಗಳಾದ ಮೇಲೆ ಅವರು ಆಡಿದ ಉದ್ದದ ಮಾತು ಅದು.

2022ರಲ್ಲಿ ಎರಡನೇದು ಬಂದಾಗ ಅವರೇ ಐನೂರರ ನೋಟು ಕೊಟ್ಟು ಕಳಿಸಿದ್ರು. 'ಹೋಗಿ ನೋಡ್ಕೊಂಡು ಬಾ, ಕಥೆ ನನಗೆ ಹೇಳು' ಅಂತ. ಹೇಳಿದೆ. ಯಶ್ ಮಷಿನ್ ಗನ್ ಹಿಡಿದದ್ದನ್ನ ಎರಡು ಸಲ ಹೇಳಿಸಿಕೊಂಡ್ರು.

ಪೆಪ್ಪರ್ ಬಳ್ಳಿ · 12.10

ಬೇಜಾರೇನಿಲ್ಲ ತಮ್ಮ. ಅಪ್ಪ ಈಗ ಹೇಗಿದಾರೆ?

ಮಂಜು ಮುಸುಕಿದೆ · 12.31

ಚೆನ್ನಾಗಿದಾರೆ ಅಕ್ಕ. ಈ ಸಲ ಮಂಟಪ ನೋಡೋಕೆ ಬರ್ತಾರೆ.

ಕಾವೇರಿ ಕುಡಿ · ಮಧ್ಯಾಹ್ನ 3.20

ನಮ್ಮ ವಿರಾಜಪೇಟೆ ಹುಡುಗಿಯ ಹೆಸರು ಯಾರೂ ಎತ್ತಲಿಲ್ಲ! ಪುಷ್ಪ ಎರಡೂ ಭಾಗದಲ್ಲಿ ರಶ್ಮಿಕಾ ಮಂದಣ್ಣ. ಕೊಡಗಿಂದ ಮೊದಲು ಸಿನಿಮಾಗೆ ಹೋಗಿ ಇಷ್ಟು ಹೆಸರು ಮಾಡಿದ್ದು ಅವರೇ.

ಕಿತ್ತಳೆ ಸಿಪ್ಪೆ · 3.26

ಮೊದಲು?? 'ಓಂ' ನೋಡಿಲ್ವಾ ತಾಯಿ? 1995. ಪ್ರೇಮ ನಮ್ಮ ಕೊಡಗಿನವರು. ಆಪ್ತಮಿತ್ರದಲ್ಲೂ ಇದ್ದಾರೆ. ಆಮೇಲೆ ಡೈಸಿ ಬೋಪಣ್ಣ, ನಿಧಿ ಸುಬ್ಬಯ್ಯ, ಹರ್ಷಿಕಾ ಪೂಣಚ್ಚ. ಪಟ್ಟಿ ಉದ್ದ ಇದೆ.

ಕಾವೇರಿ ಕುಡಿ · 3.30

ಸರಿ, ತಪ್ಪಾಯ್ತು. ಆದ್ರೆ ಕಿರಿಕ್ ಪಾರ್ಟಿ 2016ರ ಡಿಸೆಂಬರಲ್ಲಿ ಬಂತು, ನಿರ್ದೇಶನ ಕಾಂತಾರದ ರಿಷಬ್ ಶೆಟ್ಟಿ. ರಶ್ಮಿಕಾಗೆ ಅವರೇ ಅವಕಾಶ ಕೊಟ್ಟದ್ದು. ಹಾಗಾಗಿ ಕಾಂತಾರಕ್ಕೂ ಕೊಡಗಿಗೂ ಸಂಬಂಧ ಉಂಟು 😌

ಸೋಮವಾರಪೇಟೆ ಸೋಡಾ · 3.33

ಅಷ್ಟು ಸುತ್ತಿಬಳಸೋದು ಬೇಡ. ಚಾಪ್ಟರ್ 1ರಲ್ಲಿ ಗುಲ್ಶನ್ ದೇವಯ್ಯ ಇದಾರೆ. ಕೊಡವರು.

ಬಾಲ್ಕನಿ ಬೋಪು · 3.35

ಬೆಳೆದದ್ದು ಬೆಂಗಳೂರು.

ಸೋಮವಾರಪೇಟೆ ಸೋಡಾ · 3.35

ಕೊಡಗಿನ ಅರ್ಧ ಮಕ್ಕಳು ಬೆಳೆದದ್ದು ಬೆಂಗಳೂರಲ್ಲೇ. ಹಂಗಂತ ಹುತ್ತರಿಗೆ ಕರೆಯದೆ ಇರ್ತೀವಾ?

ತೋಟದ ಗೇಟ್ · 4.02

ರಶ್ಮಿಕಾ ಕನ್ನಡ ಸಿನಿಮಾ ಮಾಡೋದು ಬಿಟ್ಟು ಎಷ್ಟು ವರ್ಷ ಆಯ್ತು? ನಮ್ಮೂರ ಹುಡುಗಿ ಅಂತ ನಾವು ಹೇಳ್ಕೊಂಡ್ರೆ ಸಾಕಾ...

ಕಾವೇರಿ ಕುಡಿ · 4.04

ನಿಮ್ಮ ಮಗ ಅಮೆರಿಕದಲ್ಲಿ ಕೆಲಸ ಮಾಡಿದ್ರೆ ಅವನು ನಿಮ್ಮೂರ ಹುಡುಗ ಅಲ್ವಾ?

ನಿರ್ವಾಹಕ · 4.20

ಇಲ್ಲಿಗೆ ನಿಲ್ಲಿಸಿ. ಹೋದ ಸಲ ಇದೇ ವಿಷಯಕ್ಕೆ ಮುನ್ನೂರು ಕಾಮೆಂಟ್ ಅಳಿಸಿ ನನ್ನ ಬೆರಳು ನೋವು ಬಂದಿದೆ. ಸಿನಿಮಾ ಮಾತಾಡಿ, ಮನುಷ್ಯರನ್ನ ಬಿಡಿ.

ನಿವೃತ್ತ ಸುಬೇದಾರ್ · ಸಂಜೆ 6.45

ನಾನು ಹೆಚ್ಚು ಸಿನಿಮಾ ನೋಡುವವನಲ್ಲ. ಒಂದು ಮಾತು ಮಾತ್ರ. ಈ ಚಿತ್ರದ ನಾಯಕಿ ರುಕ್ಮಿಣಿ ವಸಂತ್. ಆಕೆಯ ತಂದೆ ಕರ್ನಲ್ ವಸಂತ್ ವೇಣುಗೋಪಾಲ್. 2007ರಲ್ಲಿ ಉರಿಯಲ್ಲಿ ನುಸುಳುಕೋರರ ವಿರುದ್ಧದ ಕಾರ್ಯಾಚರಣೆಯಲ್ಲಿ ಹುತಾತ್ಮರಾದರು. ಮರಣೋತ್ತರ ಅಶೋಕ ಚಕ್ರ. ನಮ್ಮ ಜಿಲ್ಲೆಯಲ್ಲಿ ಮನೆಗೊಬ್ಬರು ಫೌಜಿನಲ್ಲಿದ್ದವರು, ಇದು ಗೊತ್ತಿರಲಿ ಅಂತ ಬರೆದೆ. ನಾನು ಟಿಕೆಟ್ ತೆಗೆಯುವುದು ಆ ಹೆಸರಿಗಾಗಿ.

ಫಸ್ಟ್ ಶೋ ಹುಚ್ಚ · 6.50

ಸಾರ್, ಇದು ನನಗೆ ಗೊತ್ತಿರಲಿಲ್ಲ. ಸೆಲ್ಯೂಟ್.

ಜೀಪ್ ಜೀವನ · ರಾತ್ರಿ 8.30

ನನ್ನ ಫೇವರಿಟ್ ಯಾರು ಅಂತ ಕೇಳಿದ್ರೆ ಗಣೇಶ್, ಅದಕ್ಕೆ ಕಾರಣ ಹೊಟ್ಟೆಪಾಡು. 2008ರಲ್ಲಿ ಗಾಳಿಪಟ ಬರೋಕೆ ಮುಂಚೆ ಮಾಂದಲ್‌ಪಟ್ಟಿಗೆ ಹೋಗ್ತಿದ್ದದ್ದು ದನ ಮೇಯಿಸೋರು. ಸಿನಿಮಾದಲ್ಲಿ 'ಮುಗಿಲುಪೇಟೆ' ಅಂತ ತೋರಿಸಿದ್ದೇ ತೋರಿಸಿದ್ದು, ಬೆಂಗಳೂರಿನ ಕಾರುಗಳು ಸಾಲುಗಟ್ಟಿದ್ವು. ಆ ರಸ್ತೆಗೆ ಕಾರು ಹತ್ತಲ್ಲ, ಜೀಪೇ ಬೇಕು. ಇವತ್ತಿಗೂ ಮಂಜು ಇದ್ದು ಏನೂ ಕಾಣದ ದಿನ 'ಎಲ್ಲಿ ಮುಗಿಲುಪೇಟೆ, ದುಡ್ಡು ವಾಪಸ್ ಕೊಡಿ' ಅಂತ ಜಗಳ ಆಡ್ತಾರೆ. ಮುಗಿಲೊಳಗೇ ನಿಂತಿದೀರಲ್ಲ ಸ್ವಾಮಿ, ಇನ್ನೇನು ಬೇಕು ಅಂತೀನಿ.

ಮುಂಗಾರು ಮಳೆ ಸಿನಿಮಾ ಬಂದಾಗ ಇನ್ನೊಂದು ಕಥೆ. ಅದರಲ್ಲಿ ಬರೋ ಕರ್ನಲ್ ಮನೆ ಎಲ್ಲಿ ಅಂತ ಕೇಳೋರು. ನಮ್ಮಲ್ಲಿ ಕರ್ನಲ್‌ಗಳಿಗೇನು ಬರ, ಯಾವುದೋ ಒಂದು ಗೇಟ್ ತೋರಿಸ್ತಿದ್ದೆ.

ಮೇಷ್ಟ್ರು, ಶನಿವಾರಸಂತೆ · 8.41

ಅದರ ಚಿತ್ರೀಕರಣ ಸಕಲೇಶಪುರದಲ್ಲೂ ಆಗಿದೆ. ಜೋಗ ಅಂತೂ ನಮ್ಮ ಜಿಲ್ಲೆಯೇ ಅಲ್ಲ.

ಜೀಪ್ ಜೀವನ · 8.43

ಮೇಷ್ಟ್ರೇ, ಅದನ್ನ ಗಿರಾಕಿಗಳಿಗೆ ಹೇಳೋಕಾಗುತ್ತಾ?

ಕಿತ್ತಳೆ ಸಿಪ್ಪೆ · 8.50

ಮುಂಗಾರು ಮಳೆ 2 ನೋಡಿದವರು ಕೈ ಎತ್ತಿ.

ಬಾಲ್ಕನಿ ಬೋಪು · 8.51

ನೋಡಿದೀನಿ, ಕೈ ಎತ್ತಲ್ಲ. ಗಣೇಶ್ ಇದ್ರು, ಮಳೆ ಇತ್ತು, ನಿರ್ದೇಶಕ ಯೋಗರಾಜ್ ಭಟ್ರು ಇರಲಿಲ್ಲ. ಮೊದಲನೇದರಲ್ಲಿ ದೇವದಾಸ್ ಮೊಲ ಸತ್ತಾಗ ಅತ್ತಷ್ಟು ನಾನು ಮೊದಲ ಲವ್ ಕೈಕೊಟ್ಟಾಗ್ಲೂ ಅತ್ತಿಲ್ಲ. ಹೀರೋ ಅದೇ ಇದ್ರೆ ಸಾಲಲ್ಲ, ಮೊಲ ಬೇಕು.

ಟಾಕೀಸ್ ಟಿಕೆಟು · 9.30

ಭಾಗ ಎರಡು ಅಂದ್ರೆ ನನಗೆ ಒಂದೇ. ಆಪ್ತರಕ್ಷಕ.

ಆಪ್ತಮಿತ್ರ 2004ರಲ್ಲಿ ಬಂದಾಗ ಸೌಂದರ್ಯ ಇರಲಿಲ್ಲ, ಏಪ್ರಿಲ್‌ನಲ್ಲೇ ವಿಮಾನ ಅಪಘಾತದಲ್ಲಿ ಹೋಗಿದ್ರು. ಆಪ್ತರಕ್ಷಕ 2010ರ ಫೆಬ್ರವರಿಲಿ ಬಂದಾಗ ವಿಷ್ಣು ದಾದಾ ಇರಲಿಲ್ಲ, ಡಿಸೆಂಬರ್ 30ಕ್ಕೆ ಹೋದ್ರು. ಅವರ ಇನ್ನೂರನೇ ಸಿನಿಮಾ. ನಾನಾಗ ಟಾಕೀಸಲ್ಲಿ ಟಿಕೆಟ್ ಹರೀತಿದ್ದೆ. ದಾದಾ ರಾಜ ವಿಜಯ ರಾಜೇಂದ್ರ ಬಹದ್ದೂರ್ ಆಗಿ ತೆರೆ ಮೇಲೆ ಬಂದ ಕೂಡ್ಲೇ ಯಾವತ್ತಿನ ಹಾಗೆ ಪೇಪರ್ ಚೂರು ಹಾರ್ತು, ಶಿಳ್ಳೆ ಶುರುವಾಯ್ತು, ಅರ್ಧಕ್ಕೆ ನಿಂತುಹೋಯ್ತು. ಯಾರೂ ನಿಲ್ಲಿಸಿ ಅನ್ನಲಿಲ್ಲ. ಮುಂದಿನ ಬೆಂಚಲ್ಲಿ ಒಬ್ಬ ಎದ್ದು ಕೈ ಎತ್ತಿದವನು ಹಾಗೇ ಕೈ ಎತ್ಕೊಂಡು ನಿಂತಿದ್ದ. ಹಿಂದಿನವರು 'ಕೂರೋ' ಅಂತಲೂ ಅನ್ನಲಿಲ್ಲ. ಆಟ ಮುಗಿದ ಮೇಲೆ ಗುಡಿಸಿದ ಪೇಪರ್ ಚೂರು ಎರಡು ಗೋಣಿಚೀಲ.

ಈ ತಿಂಗಳು ದಾದಾಗೆ ಕರ್ನಾಟಕ ರತ್ನ ಘೋಷಣೆ ಆಯ್ತಲ್ಲ, ಆವತ್ತು ಆ ಹುಡುಗ ನೆನಪಾದ.

ಸಂಪಾಜೆ ಘಾಟಿ · 9.44

ಅಣ್ಣ, ರೋಮಾಂಚನ ಆಯ್ತು.

ತೋಟದ ಗೇಟ್ · 28 ಸೆಪ್ಟೆಂಬರ್, ಬೆಳಿಗ್ಗೆ 7.15

ಗಂಭೀರವಾಗಿ ಒಂದು ಕೇಳ್ತೀನಿ. 2022ರಲ್ಲಿ ಕಾಂತಾರ ನೋಡಿ ಮಕ್ಕಳು ಶಾಲೆ ಫಂಕ್ಷನ್‌ನಲ್ಲಿ ದೈವದ ವೇಷ ಹಾಕಿ ಕೂಗಿದ್ದು ನನಗೆ ಹಿಡಿಸಲಿಲ್ಲ. ನಮ್ಮ ಕೊಡಗಲ್ಲೂ ತೆರೆ ಕಟ್ತಾರೆ, ಅಂದ್ರೆ ದೈವದ ವೇಷ ಕಟ್ಟಿ ಕುಣಿಯೋದು. ಕಟ್ಟುವವರು ವ್ರತ ಹಿಡಿದು ಕಟ್ತಾರೆ. ರಾತ್ರಿ ಇಡೀ ನಿಂತು ನೋಡಿದವನಿಗೆ ಅದು 'ಓ...' ಅಂತ ಕಿರುಚೋ ವಿಷಯ ಅಲ್ಲ ಅಂತ ಗೊತ್ತು.

ಸಂಪಾಜೆ ಘಾಟಿ · 7.40

ನೂರಕ್ಕೆ ನೂರು. ಸಿನಿಮಾ ನೋಡಿ, ಮನೆಗೆ ಹೋಗಿ. ಥಿಯೇಟರಲ್ಲಿ ಮೈಮೇಲೆ ಬಂತು ಅಂತ ಕುಣಿದ್ರೆ ನಾನೇ ಎದ್ದು ಕೂರಿಸ್ತೇನೆ.

ಸೋಮವಾರಪೇಟೆ ಸೋಡಾ · 7.55

ಮಂಟಪದಲ್ಲಿ ಮಹಿಷಾಸುರನ ತಲೆ ಗಿಯರ್ ಬಾಕ್ಸ್ ಹಾಕಿ ತಿರುಗಿಸ್ತೀರಿ, ಬಾಯಿಂದ ಹೊಗೆ ಬಿಡ್ತೀರಿ, ಡಿಜೆ ಹಾಕ್ತೀರಿ. ಅದಕ್ಕೆ ಭಕ್ತಿ ಅಂತೀರಿ. ಸಿನಿಮಾದವರು ಮಾಡಿದ್ರೆ ತಪ್ಪಾ?

ಫಸ್ಟ್ ಶೋ ಹುಚ್ಚ · 7.58

ಹೊಗೆ ವಿಷಯಕ್ಕೆ ಬರಬೇಡ.

ಹಾರಂಗಿ ಹಿನ್ನೀರು · 8.10

ಅಂದ ಹಾಗೆ 2ನೇ ತಾರೀಕು ಗಾಂಧಿ ಜಯಂತಿ. ಬಾರ್ ಬಂದ್. ಮಂಟಪಕ್ಕೂ ಸಿನಿಮಾಗೂ ಎರಡಕ್ಕೂ ಜನ ಜಾಸ್ತಿ ಇರ್ತಾರೆ, ಬೇರೆ ಕೆಲಸ ಇಲ್ಲ.

ಬಾಲ್ಕನಿ ಬೋಪು · 8.12

1ನೇ ತಾರೀಕು ಸಾಯಂಕಾಲ ಬಾರ್ ಮುಂದಿನ ಕ್ಯೂ ಮುಂದೆ ಯಾವ ಬ್ಲಾಕ್‌ಬಸ್ಟರೂ ಇಲ್ಲ.

ಫಸ್ಟ್ ಶೋ ಹುಚ್ಚ · 3 ಅಕ್ಟೋಬರ್, ರಾತ್ರಿ 11.05

ವರದಿ ಒಪ್ಪಿಸ್ತಿದೀನಿ.

2ನೇ ತಾರೀಕು ಆಗಲಿಲ್ಲ. ಜಿಲ್ಲೆಯೊಳಗೆ ಟಿಕೆಟ್ ಸಿಗಲಿಲ್ಲ, ಪುತ್ತೂರಿಗೆ ಹೋಗೋ ಧೈರ್ಯ ಬರಲಿಲ್ಲ. ಎರಡು ಗಂಟೆಗೆ ಟ್ರ್ಯಾಕ್ಟರ್ ಹತ್ರ ನಿಂತೆ. ರಾತ್ರಿ ಹನ್ನೆರಡೂವರೆಗೆ, ತೀರ್ಪುಗಾರರು ಎದುರಿಗೆ ಬರೋ ಹೊತ್ತಿಗೆ ಸರಿಯಾಗಿ, ಅಸುರನ ಬಲಗೈ ಬೆಲ್ಟ್ ಕಟ್ಟಾಯ್ತು. ಕತ್ತಿ ಎತ್ತಿದವನು ಹಾಗೇ ನಿಂತ, ಇಳಿಸಲೂ ಇಲ್ಲ, ಬೀಸಲೂ ಇಲ್ಲ. ನಾನು ಇದ್ದಬದ್ದ ಹೊಗೆಯೆಲ್ಲ ಬಿಟ್ಟೆ. ಎರಡು ನಿಮಿಷ ಜನರಿಗೆ ಅಸುರನೂ ಕಾಣಲಿಲ್ಲ, ದೇವಿಯೂ ಕಾಣಲಿಲ್ಲ. ಒಳಗೆ ನಮ್ಮ ಹುಡುಗ ತನ್ನ ಪ್ಯಾಂಟಿನ ಬೆಲ್ಟ್ ಬಿಚ್ಚಿ ಕಟ್ಟಿದ. ಹೊಗೆ ಸರಿಯೋ ಹೊತ್ತಿಗೆ ಕೈ ಆಡ್ತಿತ್ತು. ಜನ ಚಪ್ಪಾಳೆ ಹೊಡೆದ್ರು, ಅದೂ ಕಥೆಯಲ್ಲಿರೋದೇ ಅಂದ್ಕೊಂಡು. ಬೆಳಿಗ್ಗೆವರೆಗೂ ಅವನು ಒಂದು ಕೈಲಿ ಪ್ಯಾಂಟ್ ಹಿಡ್ಕೊಂಡೇ ಕೆಲಸ ಮಾಡಿದ.

ಏಳು ಗಂಟೆಗೆ ಮನೆಗೆ ಬಂದೆ. ಒಂಬತ್ತಕ್ಕೆ ಅಕ್ಕನ ಮಗ ಕಾರಿನ ಹಾರ್ನ್ ಹೊಡೆದ. ಮೈಸೂರು, ಮಧ್ಯಾಹ್ನದ ಶೋ. ಎರಡೂ ಮುಕ್ಕಾಲು ಗಂಟೆ ಸಿನಿಮಾ, ಏಸಿ ಹಾಲ್, ಮೆತ್ತನೆ ಸೀಟು. ಹೆಸರು ಬರೋದು ನೋಡಿದೆ. ಕಾಡು ನೋಡಿದೆ. ಆಮೇಲೆ ಅಕ್ಕನ ಮಗ ಭುಜ ಅಲ್ಲಾಡಿಸಿ 'ಮಾಮ, ಇಂಟರ್ವಲ್' ಅಂದ.

ಸೋಮವಾರಪೇಟೆ ಸೋಡಾ · 11.06

😂😂😂 ದಾಖಲೆ!

ಪೆಪ್ಪರ್ ಬಳ್ಳಿ · 11.09

ಎಷ್ಟು ದುಡ್ಡು ಕೊಟ್ಟು ನಿದ್ದೆ ಮಾಡಿದ್ರಿ ಅಂತ ಹೇಳಿಬಿಡಿ, ನನ್ನ ಮನಸ್ಸಿಗೆ ಸಮಾಧಾನ ಆಗ್ಲಿ.

ಫಸ್ಟ್ ಶೋ ಹುಚ್ಚ · 11.12

ಹೇಳಲ್ಲ ಅಕ್ಕ. ಸೆಕೆಂಡ್ ಹಾಫ್ ಅಂತೂ ಕಣ್ಣು ಮಿಟುಕಿಸದೆ ನೋಡಿದೆ, ರಿಷಬ್‌ಗೆ ಕೈಮುಗಿದೆ. ಆದ್ರೆ ಆ ಕುಲಶೇಖರನಿಗೂ ಕಾಡಿನವರಿಗೂ ಜಗಳ ಶುರುವಾದದ್ದು ಹೇಗೆ? ಯಾರಾದ್ರೂ ಫಸ್ಟ್ ಹಾಫ್ ಹೇಳಿ.

ಮೇಷ್ಟ್ರು, ಶನಿವಾರಸಂತೆ · 4 ಅಕ್ಟೋಬರ್, ಬೆಳಿಗ್ಗೆ 6.10

ನಾವು ಕೊನೆ ನೋಡದೆ ಬರ್ತಿದ್ವಿ, ನೀನು ಮೊದಲು ನೋಡದೆ ಬಂದೆ. ಇಬ್ರನ್ನ ಸೇರಿಸಿದ್ರೆ ಒಂದು ಟಿಕೆಟ್ಟಾಗುತ್ತೆ.

ನಿವೃತ್ತ ಸುಬೇದಾರ್ · 7.30

ನಾಳೆ ಭಾನುವಾರ ಗೋಣಿಕೊಪ್ಪದಿಂದ ನಾನೂ ಮನೆಯವಳೂ ಮೈಸೂರಿಗೆ ಹೋಗುತ್ತಿದ್ದೇವೆ, ಬೆಳಗಿನ ಆಟ. ಕಾರಿನಲ್ಲಿ ಎರಡು ಸೀಟು ಖಾಲಿ ಇದೆ. ಆರೂವರೆಗೆ ಬಸ್ ಸ್ಟ್ಯಾಂಡ್ ಎದುರು ನಿಂತಿರು. ತಡವಾದರೆ ಕಾಯುವುದಿಲ್ಲ. ಇವತ್ತು ರಾತ್ರಿ ಬೇಗ ಮಲಗು.

ಫಸ್ಟ್ ಶೋ ಹುಚ್ಚ · 7.31

ಆರಕ್ಕೇ ಇರ್ತೀನಿ ಸಾರ್. ಬೆಲ್ಟ್ ಕೊಟ್ಟ ಹುಡುಗನ್ನೂ ಕರ್ಕೊಂಡು ಬರ್ಲಾ?